ನಾಯಿಯೂ ಹತ್ತು ಗಂಟೆಯ ಹನಿಯೂ

ಫೆಬ್ರವರಿ ತಿಂಗಳ ಎರಡನೆಯ ಗುರುವಾರ. ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷ. ಸ್ಥಳ, ಮಿಡಿಗೇಶಿಯ ಒಂದು ಹೆಂಚಿನ ಮನೆಯ ಜಗಲಿ. ಹಾಜರಿದ್ದವರು: ಮೂರು ವಾರದ ಹಿಂದೆ ಎಡಗಣ್ಣಿನ ಪೊರೆ ತೆಗೆಸಿಕೊಂಡಿದ್ದ ಅಜ್ಜಿ, ಬೇಸಾಯ ಮಾಡುವ ಅವರ ಮಗ, ಮನೆಗೆ ಅಂಟಿಕೊಂಡಂತೆ ಹಿಟ್ಟಿನ ಗಿರಣಿ ನಡೆಸುವ ಸೊಸೆ, ಮತ್ತು ನಾನು. ಅಜ್ಜಿಯ ಕಾಲ ಬಳಿ ಅವರ ನಾಯಿ. ಕಂದು ಬಣ್ಣ, ನಾಟಿ ತಳಿ, ಗಂಡು, ವಯಸ್ಸು ಸುಮಾರು ನಾಲ್ಕು. ಅದರ ಕುತ್ತಿಗೆಗೆ ಹಿಂದೆ ನಾನು ನೋಡಿರದ ಹೊಸ ಹಗ್ಗ ಬಿದ್ದಿತ್ತು.

"ಹಗ್ಗ ಯಾಕೆ?" ಎಂದು ಕೇಳಿದೆ.

"ಸಂಜೆ ಕುರಿಯೋರು ಬಂದು ಕರ್ಕೊಂಡೋಯ್ತಾರೆ ಸಿಸ್ಟರ್," ಎಂದ ಮಗ. "ಮಾತಾಗೈತೆ. ನಮ್ಮ ಹೊಲದಾಗೆ ಇನ್ನೆರಡು ರಾತ್ರಿ ಮಂದೆ ನಿಲ್ಲುಸ್ತಾರೆ, ನಾವು ನಾಯಿ ಕೊಡೋದು."

ಕಡಲೆಕಾಯಿ ಕಿತ್ತ ಮೇಲೆ ಶಿರಾ ಕಡೆಯ ಕುರಿಗಾರರು ಈ ಊರುಗಳಿಗೆ ಬರುತ್ತಾರೆ. ರಾತ್ರಿ ಹೊತ್ತು ಯಾರದಾದರೂ ಹೊಲದಲ್ಲಿ ಮಂದೆ ಕೂಡುತ್ತಾರೆ. ಬೆಳಗಾಗುವಷ್ಟರಲ್ಲಿ ಹೊಲಕ್ಕೆ ಹಿಕ್ಕೆ, ಗಂಜಲ ಬಿದ್ದಿರುತ್ತದೆ. ಅದಕ್ಕಿಂತ ಒಳ್ಳೆಯ ಗೊಬ್ಬರ ಇಲ್ಲವೆಂದು ಎಲ್ಲರೂ ಮಂದೆಗೆ ಕಾಯುತ್ತಾರೆ. ಈ ಸಲ ಕುರಿಗಾರನ ನಾಯಿಯೊಂದನ್ನು ಚಿರತೆ ಎತ್ತಿಕೊಂಡು ಹೋಗಿತ್ತು. ಅವನಿಗೆ ನಾಯಿ ಬೇಕಿತ್ತು. ಈ ಮನೆಯವರಿಗೆ ನಾಯಿ ಬೇಡವಾಗಿತ್ತು.

ಅಜ್ಜಿಯ ಬೆರಳು ಹಗ್ಗದ ಗಂಟಿನ ಮೇಲೆ ಓಡಾಡುತ್ತಿತ್ತು. ಅವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಷ್ಟೇ. ಬೀದಿಯವರೆಲ್ಲ ಅಜ್ಜಿ ಎನ್ನುವುದರಿಂದ ನಾನೂ ಹಾಗೆಯೇ ಕರೆಯುತ್ತಿದ್ದೆ. ಬಲಗಣ್ಣಿನ ಪೊರೆ ಇನ್ನೂ ತೆಗೆದಿರಲಿಲ್ಲ, ಎಡಗಣ್ಣಿನ ನೋಟ ಇನ್ನೂ ತಿಳಿಯಾಗಿರಲಿಲ್ಲ. ಎರಡು ವರ್ಷದಿಂದ ಅವರು ಹಿತ್ತಲಿಗೆ, ಕೊಳಾಯಿಗೆ, ಪಕ್ಕದ ಮನೆಗೆ ಹೋಗುತ್ತಿದ್ದದ್ದು ಆ ನಾಯಿಯ ಬೆನ್ನ ಮೇಲೆ ಕೈಯಿಟ್ಟುಕೊಂಡೇ. ನಾಯಿ ಮೆಟ್ಟಿಲಿನ ಹತ್ತಿರ ನಿಂತರೆ ಅವರೂ ನಿಲ್ಲುತ್ತಿದ್ದರು. ಯಾರೂ ಅದಕ್ಕೆ ಇದನ್ನು ಕಲಿಸಿರಲಿಲ್ಲ. ನಾಯಿ ಹೋದರೆ ಅಜ್ಜಿಗೆ ಜಗಲಿ ಬಿಟ್ಟು ಬೇರೆ ಜಾಗವಿರಲಿಲ್ಲ.

ಅಂಥ ನಾಯಿಯನ್ನು ಕೊಟ್ಟುಬಿಡಲು ಕಾರಣವೂ ಇತ್ತು. ಎರಡು ವಾರದ ಹಿಂದೆ ಅದು ಸೊಸೆಯ ಮಣಿಕಟ್ಟಿಗೆ ಹಲ್ಲು ಹಾಕಿತ್ತು. ಗಾಯ ಚಿಕ್ಕದು. ಆಕೆ ಸೋಪು ಹಾಕಿ ತೊಳೆದು, ಅಂದೇ ಬಸ್ಸು ಹತ್ತಿ ಮಧುಗಿರಿಗೆ ಹೋಗಿ ಸೂಜಿ ಹಾಕಿಸಿಕೊಳ್ಳಲು ಶುರು ಮಾಡಿದ್ದಳು. ನಾಯಿಗೂ ಹಿಂದೆಯೇ ಚುಚ್ಚುಮದ್ದು ಆಗಿತ್ತು. ಆದರೂ ಮನೆಯ ಹೆಣ್ಣುಮಗಳನ್ನು ಕಚ್ಚಿದ ನಾಯಿಯನ್ನು ಯಾರು ಇಟ್ಟುಕೊಳ್ಳುತ್ತಾರೆ?

ಇನ್ನು ನಾನು ಅಲ್ಲಿಗೆ ಹೋದದ್ದು ಹೇಗೆಂದು ಹೇಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದವಳು ನಾನು. ನಾಲ್ಕೂವರೆಗೆ ಏಳುವುದು, ಆರಕ್ಕೆ ತಿಂಡಿ, ಮಂಚದ ಹೊದಿಕೆಯ ಮೂಲೆ ಮಡಿಸುವುದು, ಎಲ್ಲವೂ ವಾರ್ಡಿನಲ್ಲಿ ಕಲಿತದ್ದು, ಮನೆಯಲ್ಲಿಯೂ ಬಿಟ್ಟಿಲ್ಲ. ಮಧುಗಿರಿಯಲ್ಲಿ ನನಗೆ ಪರಿಚಯದ ಪಶುವೈದ್ಯೆಯೊಬ್ಬರು ಸಾಕುಪ್ರಾಣಿಗಳ ನಡವಳಿಕೆಯನ್ನೂ, ಅವಕ್ಕೂ ಮನೆಯವರಿಗೂ ಇರುವ ಸಂಬಂಧವನ್ನೂ ಅಧ್ಯಯನ ಮಾಡುತ್ತಿದ್ದರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಕೆಲವು ಮನೆಗಳಿಗೆ ಹೋಗಿ ಒಂದು ಗಂಟೆ ಕೂತು ಕಂಡದ್ದನ್ನು ಬರೆದುಕೊಂಡು ಬರುವ ಜನ ಅವರಿಗೆ ಬೇಕಾಗಿತ್ತು. "ನೀವು ನೋಡಿದ್ದನ್ನು ಮಾತ್ರ ಬರೀತೀರಿ ಸಿಸ್ಟರ್, ಅಂದುಕೊಂಡಿದ್ದನ್ನು ಬರೆಯಲ್ಲ," ಎಂದರು. ನಾನು ಒಪ್ಪಿದ್ದು ಆ ಮಾತಿಗೆ.

ಕೆಲಸ ಚೆನ್ನಾಗಿತ್ತು. ಶಿರಾದಲ್ಲಿ ಒಬ್ಬ ಟೈಲರ್ ಅಂಗಡಿಯ ಬೆಕ್ಕನ್ನು ನೋಡಲು ಹೋಗಿದ್ದೆ. ಅದು ಕತ್ತರಿಸಬೇಕಾದ ಬಟ್ಟೆಯ ಮೇಲೆಯೇ ಮಲಗಿತ್ತು. ಆತ ಕತ್ತರಿ ಹಿಡಿದು ಸುಮ್ಮನೆ ಕೂತಿದ್ದ. "ಸಾಹೇಬ್ರು ಆರಾಮ್ ಮಾಡ್ತಾವ್ರೆ, ಎದ್ದ ಮ್ಯಾಲೆ ನಿಮ್ಮ ಪ್ಯಾಂಟು," ಎಂದು ಗಿರಾಕಿಗೆ ಹೇಳಿದ. ಗಿರಾಕಿ ಬೈಯಲಿಲ್ಲ, ಕೂತು ಬೆಕ್ಕಿನ ತಲೆ ಸವರಿದ. ನಾಗಲಮಡಿಕೆಯ ಹತ್ತಿರ ಒಬ್ಬ ಯಜಮಾನ ಹೆಂಡತಿಯ ಜೊತೆ ಕನ್ನಡದಲ್ಲಿ, ನಾಯಿಯ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದ. ಯಾಕೆಂದು ಕೇಳಿದರೆ, "ನಾಯಿ ಆಂಧ್ರದ ಕಡೇದಮ್ಮ, ಅದ್ಕೆ ಕನ್ನಡ ರಾದು," ಎಂದ. ಒಳಗಿನಿಂದ ಹೆಂಡತಿ, "ಅವರಿಗೂ ಅಷ್ಟೇ, ನಾನು ಕನ್ನಡದಾಗೆ ಹೇಳಿದ್ದು ಒಂದೂ ತಿಳಿಯಾಕಿಲ್ಲ," ಎಂದಳು. ತೋವಿನಕೆರೆಯಲ್ಲಿ ಮೇಷ್ಟರೊಬ್ಬರ ನಾಯಿ ಅವರು ಬರುವ ಬಸ್ಸಿನ ಸದ್ದನ್ನು ಬೇರೆ ಬಸ್ಸುಗಳಿಂದ ಬೇರ್ಪಡಿಸಿ ಏಳುತ್ತಿತ್ತು. ಎಲ್ಲವನ್ನೂ ಗಂಟೆ, ನಿಮಿಷದ ಸಮೇತ ಬರೆದು ಕೊಟ್ಟಿದ್ದೆ.

ಮಿಡಿಗೇಶಿಯ ಮನೆಗೆ ನನ್ನದು ಅದು ಮೂರನೆಯ ಭೇಟಿ. ಮೊದಲ ಸಲ ಹೋದಾಗ ಅಜ್ಜಿಗೆ ಆಪರೇಷನ್ ಆಗಿ ಎರಡೇ ದಿನವಾಗಿತ್ತು. ಅಂದು ನಾಯಿಯನ್ನು ಹಿತ್ತಲಲ್ಲಿ ಕಟ್ಟಿಸಿ ಮನೆಯವರನ್ನು ಪ್ರಶ್ನೆ ಕೇಳಿ ಬಂದೆ. ಎರಡನೆಯ ಸಲ ಹೋಗುವಷ್ಟರಲ್ಲಿ ನಾಯಿ ಕಚ್ಚಿಯಾಗಿತ್ತು. ನಾನು ಮನೆಯವರನ್ನೆಲ್ಲ ಆಚೆ ಕಳಿಸಿ, ಎಂಟೂವರೆಯಿಂದ ಒಂಬತ್ತೂವರೆಯವರೆಗೆ ಅಜ್ಜಿಯನ್ನೂ ನಾಯಿಯನ್ನೂ ನೋಡುತ್ತಾ ಕೂತೆ. ನಾಯಿ ಮಲಗಿತ್ತು. ನೊಣ ಹೊಡೆಯಿತು. ಮಗ್ಗುಲು ಬದಲಾಯಿಸಿತು. ನಾನು ಹೋಗಿ ಅಜ್ಜಿಯ ಪಕ್ಕ ಕೂತರೂ ತಲೆ ಎತ್ತಲಿಲ್ಲ. "ಶಾಂತ ಸ್ವಭಾವ, ದೋಷ ಕಾಣಲಿಲ್ಲ," ಎಂದು ಬರೆದು ಮನೆಯವರಿಗೂ ಓದಿ ಹೇಳಿದೆ.

ಮಗ ನನ್ನ ಬರಹಕ್ಕೆ ಬೇರೆಯೇ ಅರ್ಥ ಹಚ್ಚಿದ್ದ. ಅದನ್ನು ಆ ಗುರುವಾರ ಬೆಳಿಗ್ಗೆ ಹೇಳಿದ.

"ನೀವೇ ಹೇಳಿದ್ರಲ್ಲ ಸಿಸ್ಟರ್, ಹೊರಗಿನೋರು ಬಂದ್ರೆ ತೆಪ್ಪಗಿರ್ತೈತೆ ಅಂತ. ಮನೆಯೋರ್ನೇ ಕಚ್ತೈತೆ ಅಂದ್ರೆ ಅದ್ರ ಬುದ್ಧಿ ಕೆಟ್ಟೈತೆ ಅಂತ ತಾನೇ? ಅದ್ಕೇ ಕುರಿಯೋನಿಗೆ ಮಾತು ಕೊಟ್ಬುಟ್ಟೆ."

ನನ್ನ ಒಂದು ಸಾಲು ಒಂದು ಪ್ರಾಣಿಯನ್ನು ಮನೆಯಿಂದ ಹೊರಗೆ ಹಾಕಿಸುತ್ತಿದೆ ಎಂದು ಆಗ ತಿಳಿಯಿತು. ಸುಮ್ಮನೆ ಹೊರಟು ಬರುವ ಹಾಗಿರಲಿಲ್ಲ. ಇನ್ನೊಂದು ಸಲ ಸರಿಯಾಗಿ ನೋಡುತ್ತೇನೆ, ಸಂಜೆಯವರೆಗೂ ಇರುತ್ತೇನೆ ಎಂದೆ. ಪುಸ್ತಕ ತೆಗೆದು, ಗಡಿಯಾರವನ್ನು ಪಕ್ಕಕ್ಕಿಟ್ಟುಕೊಂಡು, ಅಭ್ಯಾಸ ಬಲದಿಂದ, "ಎಲ್ಲರೂ ಸ್ವಲ್ಪ ಆಚೆ ಇರಿ," ಎಂದೆ.

ಆಗ ಅಜ್ಜಿ ಮೊದಲ ಸಲ ಬಾಯಿ ಬಿಟ್ಟರು.

"ಆವತ್ತೂ ಇಂಗೇ ಮಾಡ್ದೆ. ಎಲ್ಲರ್ನೂ ಆಚೆಗಟ್ಟಿ ಖಾಲಿ ಮನೇಲಿ ಏನ್ ನೋಡ್ತೀಯವ್ವ? ಅದು ಕಚ್ಚಿದ್ದು ಗೋಡೇನಾ?"

ಸೊಸೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ, ಏಕೆಂದರೆ ಮಾತು ನಿಜವಾಗಿತ್ತು. ವಾರ್ಡಿನಲ್ಲಿ ರೌಂಡ್ಸ್ ಹೊತ್ತಿಗೆ ರೋಗಿಯ ಕಡೆಯವರನ್ನು ಹೊರಗೆ ಕಳಿಸುವುದು ನಿಯಮ. ಮೂವತ್ತಕ್ಕೂ ಹೆಚ್ಚು ವರ್ಷ ಅದನ್ನೇ ಮಾಡಿದ್ದೆ. ಮನುಷ್ಯರಿಗೂ ಸಾಕುಪ್ರಾಣಿಗೂ ಇರುವ ಸಂಬಂಧವನ್ನು ನೋಡಲು ಹೋದವಳು, ಆ ಮನುಷ್ಯರನ್ನೇ ಹೊರಗೆ ಕಳಿಸಿ ಬಾಗಿಲು ಹಾಕಿದ್ದೆ.

"ಯಾರೂ ಹೋಗಬೇಡಿ. ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ. ನಾನು ಇಲ್ಲ ಅಂತಲೇ ತಿಳ್ಕೊಳ್ಳಿ," ಎಂದೆ.

"ಅದು ಕಷ್ಟ ಸಿಸ್ಟರ್," ಎಂದಳು ಸೊಸೆ. ಆದರೂ ಹೋಗಿ ಗಿರಣಿ ಹಾಕಿದಳು.

ಎಂಟೂ ಐವತ್ತು. ಮಗ ನಾಯಿಯನ್ನು ದಾಟಿ ಹಿತ್ತಲಿಗೆ ಹೋದ. ನಾಯಿ ಬಾಲ ಒಮ್ಮೆ ಬಡಿಯಿತು. ಒಂಬತ್ತೂ ಹತ್ತು. ಸೊಸೆ ಅಜ್ಜಿಗೆ ಕಾಫಿ ತಂದಳು, ಎದುರಿನಿಂದ. ನಾಯಿ ಎದ್ದು ಆಕೆಯ ಕೈ ಮೂಸಿತು, ಬಾಲ ಆಡಿಸಿತು. ಕಚ್ಚಿದ್ದ ಅದೇ ಕೈ. ಆಕೆ ಹಿಂದಕ್ಕೆ ಸರಿದಳು, ನಾಯಿ ಮಲಗಿತು. ಒಂಬತ್ತೂ ಮುಕ್ಕಾಲು. ರಾಗಿ ಬೀಸಿಸಲು ಬಂದ ಹೆಂಗಸೊಬ್ಬಳು ಅಜ್ಜಿಯನ್ನು ಮಾತಾಡಿಸಿ ಹೋದಳು. ನಾಯಿ ಕಣ್ಣು ಸಹ ತೆರೆಯಲಿಲ್ಲ.

ಸರಿಯಾಗಿ ಹತ್ತು ಗಂಟೆಗೆ ಗಿರಣಿ ನಿಂತಿತು. ನಾಯಿ ತಕ್ಷಣ ಎದ್ದು ನಿಂತಿತು. ಇನ್ನೂ ಯಾರೂ ಬಂದಿರಲಿಲ್ಲ. ಕಿವಿ ಹಿಂದಕ್ಕೆ ಅಂಟಿತು, ಬಾಲ ಸೆಟೆಯಿತು. ಎರಡು ಸಲ ಮೂಗು ನೆಕ್ಕಿಕೊಂಡಿತು. ನಿದ್ದೆಯದಲ್ಲದ ಆಕಳಿಕೆಯೊಂದನ್ನು ತೆಗೆಯಿತು. ಒಳಗೆ ನೀರಿನ ಸದ್ದು, ಸೊಸೆ ಹಿಟ್ಟಿನ ಕೈ ತೊಳೆಯುತ್ತಿದ್ದಳು. ಆಮೇಲೆ ಅವಳು ಬಾಗಿಲಿನಿಂದ ಹೊರಗೆ ಬಂದು, ಅಜ್ಜಿಯ ಹಿಂದೆ ನಿಂತು, ಎಡಗೈಯಲ್ಲಿ ಅವರ ಗದ್ದ ಹಿಡಿದು ತಲೆಯನ್ನು ತನ್ನ ಎದೆಗೆ ಒತ್ತಿಕೊಂಡು, ಬಲಗೈಯಿಂದ ಕಣ್ಣಿಗೆ ಹನಿ ಬಿಟ್ಟಳು. "ಅಯ್ಯಪ್ಪಾ, ಉರಿ!" ಎಂದು ಅಜ್ಜಿ ಎರಡು ಕೈಯನ್ನೂ ಮೇಲಕ್ಕೆತ್ತಿದರು. ನಾಯಿ ಹಲ್ಲು ತೋರಿಸಿತು. ಮಗ ಹಗ್ಗ ಎಳೆದು ಹಿಡಿದ.

"ನೋಡಿದ್ರಾ? ನೋಡಿದ್ರಾ?" ಎಂದ.

ನೋಡಿದ್ದೆ. ಆ ನಾಯಿಗೆ ಸೊಸೆಯ ಮೇಲೆ ಹಗೆಯಿರಲಿಲ್ಲ. ಹಿಂದಿನಿಂದ ಬಂದು ಅಜ್ಜಿಯ ಗದ್ದ ಹಿಡಿದು ಅವರನ್ನು ಕೂಗಿಸುವ ಎರಡು ಕೈಗಳೆಂದರೆ ಅದಕ್ಕೆ ಭಯವಿತ್ತು. ದಿನಕ್ಕೆ ನಾಲ್ಕು ಸಲ, ಆರಕ್ಕೆ, ಹತ್ತಕ್ಕೆ, ಎರಡಕ್ಕೆ, ಸಂಜೆ ಆರಕ್ಕೆ ಅದೇ ನಡೆಯುತ್ತಿತ್ತು. ಸೊಸೆಯನ್ನು ಕಚ್ಚಿದ್ದೂ ಹನಿ ಹಾಕುವಾಗಲೇ, ಯಾವ ಹೊತ್ತಿನಲ್ಲಿ ಎಂದು ನಾನು ಕೇಳಿರಲೇ ಇಲ್ಲ. ಹಗಲಿನಲ್ಲಿ ಗಿರಣಿ ನಿಂತರೆ ಆ ಕೈ ಬರುತ್ತದೆ ಎಂದೂ ಅದು ಕಲಿತಿತ್ತು. ನಾನು ಹಿಂದಿನ ಸಲ ಕೂತದ್ದು ಆರಕ್ಕೂ ಹತ್ತಕ್ಕೂ ನಡುವೆ, ಏನೂ ಆಗದ ಹೊತ್ತಿನಲ್ಲಿ.

ಇನ್ನೊಂದು ಸಂಗತಿಯೂ ಅಷ್ಟೇ ಸ್ಪಷ್ಟವಾಗಿತ್ತು. ನಾನು ಪುಸ್ತಕ ಮುಚ್ಚಿ ಕೇಳಿದೆ.

"ಹನಿ ಹಾಕೋದನ್ನು ನಿನಗೆ ಹೀಗೆ ಹೇಳಿಕೊಟ್ಟಿದ್ದು ಯಾರು?"

ಸೊಸೆ ನನ್ನನ್ನೇ ನೋಡಿದಳು. "ನೀವೇ ಅಲ್ವಾ?"

ಹೌದು. ಮೊದಲ ಭೇಟಿಯ ದಿನ ಆಕೆ ಕೈ ನಡುಗುತ್ತದೆ ಎಂದಾಗ ನಾನೇ ನಿಂತು ತೋರಿಸಿದ್ದೆ. ಕಣ್ಣಿನ ವಾರ್ಡಿನಲ್ಲಿ ರೋಗಿಗಳನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ನಾವು ಹಿಂದಿನಿಂದ ಒಬ್ಬೊಬ್ಬರ ಗದ್ದ ಹಿಡಿದು ಹನಿ ಬಿಡುತ್ತಾ ಹೋಗುತ್ತಿದ್ದೆವು. ರೋಗಿ ತಲೆ ಅಲ್ಲಾಡಿಸುವುದಿಲ್ಲ, ಸಮಯ ಉಳಿಯುತ್ತದೆ. ವಾರ್ಡಿಗೆ ಅದು ಸರಿ. ಅಲ್ಲಿ ರೋಗಿಯ ಕಾಲ ಬಳಿ ನಾಯಿ ಇರುವುದಿಲ್ಲ.

"ತಪ್ಪು ನಾಯಿಯದಲ್ಲ, ನಿನ್ನದೂ ಅಲ್ಲ. ನಾನು ಹೇಳಿಕೊಟ್ಟ ರೀತಿಯದು," ಎಂದೆ.

"ಅಂಗಾದ್ರೆ ಸಿಸ್ಟರ್," ಎಂದಳು ಸೊಸೆ, "ಹಗ್ಗ ನಿಮ್ಗೇ ಕಟ್ಟಿ ಕುರಿಮಂದೆಗೆ ಕಳಿಸ್ಬೇಕು."

ಅಜ್ಜಿ ಕಣ್ಣಿನ ಉರಿ ಮರೆತು ಗಟ್ಟಿಯಾಗಿ ನಕ್ಕರು. ಮಗ ಮಾತ್ರ ನಗಲಿಲ್ಲ. "ಕಾರಣ ಏನಾರ ಇರ್ಲಿ. ಕಚ್ಚಿದ್ದು ಕಚ್ಚಿದ್ದೇ. ಕಣ್ಣಿನ ಮದ್ದು ಇನ್ನೂ ಮೂರು ವಾರ ಐತೆ, ಆಮ್ಯಾಕೆ ಇನ್ನೊಂದು ಕಣ್ಣು. ದಿನಾ ನಾಲ್ಕು ಸಲ ನಾನು ಹಗ್ಗ ಹಿಡ್ಕೊಂಡು ನಿಂತ್ಕೊಳ್ಳಾ?"

ಅವನ ಪ್ರಶ್ನೆ ನ್ಯಾಯವಾಗಿತ್ತು. ಎರಡು ಗಂಟೆಯ ಹನಿಗೆ ಇನ್ನೂ ಹೊತ್ತಿತ್ತು. ಮಧುಗಿರಿಯ ಪಶುವೈದ್ಯೆಗೆ ಫೋನ್ ಮಾಡಿ ಕಂಡದ್ದನ್ನೆಲ್ಲ ಹೇಳಿದೆ. ಹೇಗೆ ಮುಂದುವರಿಯಬೇಕೆಂದು ಅವರು ಹೇಳಿದರು, ನಾನು ಒಂದೊಂದಾಗಿ ಬರೆದುಕೊಂಡೆ.

ಮೊದಲು ಅಜ್ಜಿಯನ್ನು ಜಗಲಿಯ ಮಂಚದ ಮೇಲೆ ಅಂಗಾತ ಮಲಗಿಸಿದೆವು. ನಾಯಿಯನ್ನು ಅವರ ಬಲಗೈಗೆ ಸಿಗುವ ಹಾಗೆ ನೆಲದ ಮೇಲೆ ಕೂರಿಸಿದೆವು. ಹಗ್ಗದ ತುದಿ ಮಗನ ಕೈಯಲ್ಲಿ, ಸಡಿಲವಾಗಿ. ಸೊಸೆ ಖಾಲಿ ಕೈಯಲ್ಲಿ ಎದುರಿನಿಂದ ಮಾತಾಡುತ್ತಾ ಬರಬೇಕು, ದೂರದಲ್ಲೇ ನಿಲ್ಲಬೇಕು. ಅಜ್ಜಿ ನಾಯಿಗೆ ಒಂದು ಚೂರು ಮುದ್ದೆ ಕೊಡಬೇಕು. ಸೊಸೆ ವಾಪಸು ಹೋಗಬೇಕು. ಅಷ್ಟೇ. ನಾಯಿಯ ಕಿವಿ ಹಿಂದಕ್ಕೆ ಹೋದರೆ ಮುಂದಿನ ಸಲ ಇನ್ನೂ ದೂರ ನಿಲ್ಲಬೇಕು.

"ಏನ್ ಮಾತಾಡ್ಕೊಂಡು ಬರ್ಲಿ?" ಎಂದಳು ಸೊಸೆ.

"ಏನಾದರೂ. ದನಿ ಕೇಳಿದರೆ ಸಾಕು."

"ಅತ್ತೇ, ನಿಮ್ಮ ಮಗ ನಿನ್ನೆ ಸಂತೆಯಿಂದ ಬದನೆಕಾಯಿ ತಂದವ್ನೆ, ಎಲ್ಲಾ ಹುಳ."

"ಹುಳ ಇಲ್ದಿದ್ರೆ ಅದಕ್ಕೆ ಔಷಧಿ ಹೊಡೆದವ್ರೆ ಅಂತೀಯ," ಎಂದ ಮಗ.

"ಅಡುಗೆ ಮಾಡೋಳು ನಾನು ಕಣಪ್ಪ."

ಹೀಗೆ ಬದನೆಕಾಯಿಯ ಮೇಲೆಯೇ ಆರೇಳು ಸಲ ಬಂದು ಹೋದಳು. ಆಮೇಲೆ ಮುಚ್ಚಳ ಹಾಕಿದ ಹನಿಯ ಸೀಸೆ ಹಿಡಿದು ಬಂದಳು. ಸೀಸೆ ಕಂಡು ನಾಯಿ ಎದ್ದಿತು. ಅವಳು ಅಲ್ಲೇ ನಿಂತಳು. ಮುದ್ದೆ ಬಿತ್ತು, ನಾಯಿ ಕೂತಿತು. ನಡುನಡುವೆ ಅರ್ಧ ಗಂಟೆ ಬಿಡುವು. ಗಿರಣಿಯನ್ನು ಸುಮ್ಮಸುಮ್ಮನೆ ಹಾಕಿ ನಿಲ್ಲಿಸುವುದೂ ನಡೆಯಿತು. ನಿಂತಾಗ ಯಾರೂ ಬರಲಿಲ್ಲ, ಬದಲಿಗೆ ಮುದ್ದೆ ಬಂತು. ರಾಗಿ ತಂದವರೊಬ್ಬರು, "ಕರೆಂಟು ಹೋಗಿಲ್ವಲ್ಲ, ಯಾಕೆ ನಿಲ್ಸಿ ನಿಲ್ಸಿ ಹಾಕ್ತಾ ಇದೀಯ?" ಎಂದು ಕೇಳಿದರೆ ಸೊಸೆ, "ನಾಯಿಗೆ ಪಾಠ ಕಣಣ್ಣ," ಎಂದಳು. ಅವರು ಚೀಲವನ್ನು ಇನ್ನೊಂದು ಗಿರಣಿಗೆ ಹೊತ್ತುಕೊಂಡು ಹೋದರು.

ಎರಡು ಗಂಟೆಗೆ ನಿಜವಾದ ಹನಿ. ಸೊಸೆಯ ಬೆರಳು ರೆಪ್ಪೆಯ ಮೇಲೆ ಇಳಿದಾಗ ನಾಯಿಯ ಗಂಟಲಲ್ಲಿ ಸಣ್ಣಗೆ ಗುರುಗುಟ್ಟುವ ಸದ್ದು ಹುಟ್ಟಿತು. ಆದರೆ ಹಲ್ಲು ಕಾಣಲಿಲ್ಲ. ಅಜ್ಜಿಗೆ ಕೂಗಬಾರದೆಂದು ಹೇಳಿದ್ದೆ. ಅವರು ಉಸಿರು ಬಿಗಿಹಿಡಿದು ನಾಯಿಯ ಬೆನ್ನ ಮೇಲೆ ಕೈ ಆಡಿಸುತ್ತಲೇ ಇದ್ದರು. ನನಗೆ ಸಂತೋಷವಾಯಿತು. ಮಗನಿಗೆ ಆಗಲಿಲ್ಲ.

"ಗುರ್ ಅಂತಲ್ಲ?"

"ಗುರ್ ಅಂದಿತು, ಕಚ್ಚಲಿಲ್ಲ. ಬೇಡ ಅಂತ ಹೇಳೋಕೆ ಅದಕ್ಕಿರೋದು ಅದೊಂದೇ ದಾರಿ. ಅದಕ್ಕೆ ಹೊಡೆಯಬೇಡ. ಹೊಡೆದರೆ ಮುಂದಿನ ಸಲ ಹೇಳದೇ ಕಚ್ಚುತ್ತೆ."

ಅವನು ಹಗ್ಗವನ್ನು ನೆಲಕ್ಕೆ ಬಿಟ್ಟು ಹಿತ್ತಲಿಗೆ ಹೋದ.

ಐದೂವರೆಗೆ ಕುರಿಗಾರ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ನನಗಿಂತ ಚಿಕ್ಕವನು, ಮಾತು ಜೋರು. ನಾಯಿಯ ಪಂಜ, ಎದೆ, ಹಲ್ಲು ಎಲ್ಲವನ್ನೂ ಮೊದಲೇ ನೋಡಿ ಒಪ್ಪಿದ್ದ. ನಡೆದದ್ದನ್ನೆಲ್ಲ ಕೇಳಿ ಹುಬ್ಬು ಗಂಟಿಕ್ಕಿದ.

"ಏನ್ರಯ್ಯಾ, ಕೊಡ್ತೀರೋ ಇಲ್ವೋ? ಕತ್ಲಾದ್ರೆ ನಂಗೆ ನಾಯಿ ಬೇಕು. ಇಲ್ದಿದ್ರೆ ನಾಳೆ ಬೆಳಿಗ್ಗೇನೆ ಮಂದೆ ಎಬ್ಬಿಸ್ಕೊಂಡು ಹೋಯ್ತೀನಿ."

ಮಗ ಹೆಂಡತಿಯ ಕಡೆ ನೋಡಿದ. ಎರಡು ರಾತ್ರಿಯ ಮಂದೆ ಎಂದರೆ ಅವನಿಗೆ ಸಣ್ಣ ಮಾತಲ್ಲ. ಹೊಲದ ಕೆಳಗಿನ ಅರ್ಧಕ್ಕೆ ಇನ್ನೂ ಗೊಬ್ಬರ ಬಿದ್ದಿರಲಿಲ್ಲ. ನಾನು ನಡುವೆ ಬಾಯಿ ಹಾಕಲಿಲ್ಲ. ಕಾರಣ ಹೇಳುವುದು ನನ್ನ ಕೆಲಸ, ತೀರ್ಮಾನ ಅವರದು.

"ಕಚ್ಚಿಸ್ಕೊಂಡೋಳು ನಾನು," ಎಂದಳು ಸೊಸೆ. "ಆರು ಗಂಟೆ ಹನಿ ಹಾಕ್ತೀನಿ. ನಂಗೆ ಹೆದ್ರಿಕೆ ಆದ್ರೆ ತಗೊಂಡೋಗು. ಆಗ್ದಿದ್ರೆ ಇಲ್ಲೇ ಇರ್ಲಿ."

"ಹೆಂಗ್ ಗೊತ್ತಾಗ್ತೈತೆ ಹೆದ್ರಿಕೆ ಆಯ್ತೋ ಇಲ್ವೋ ಅಂತ?" ಎಂದ ಕುರಿಗಾರ.

"ನಂಗೆ ಗೊತ್ತಾಗ್ತೈತೆ ಬುಡಣ್ಣ."

ಕುರಿಗಾರ ಅಂಗಳದ ಕಲ್ಲಿನ ಮೇಲೆ ಕೂತ. ನಾನು ಗೋಡೆಗೆ ಒರಗಿ ನಿಂತೆ. ಆರಕ್ಕೆ ಐದು ನಿಮಿಷವಿರುವಾಗ ಆಕೆ ಗಿರಣಿ ನಿಲ್ಲಿಸಿದಳು. ನಾಯಿ ತಲೆ ಎತ್ತಿತು, ಎದ್ದು ನಿಲ್ಲಲಿಲ್ಲ. ಆಕೆ ಕೈ ತೊಳೆದು, ಸೀಸೆ ಹಿಡಿದು, ಎದುರಿನಿಂದ, "ಅತ್ತೇ, ಬಂದೆ," ಎನ್ನುತ್ತಾ ಬಂದಳು. ಮಗ ಹಗ್ಗ ಹಿಡಿಯಲು ಬಗ್ಗಿದ.

"ಹಿಡೀಬೇಡ," ಎಂದಳು. "ನೀನು ಹಿಡಿದ್ರೆ ನಂಗೂ ಭಯ, ಅದ್ಕೂ ಭಯ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಇಡೀ ದಿನ ನಾಯಿಯನ್ನು ನೋಡಿ ನೋಡಿ ಆಕೆಯೇ ಕಂಡುಕೊಂಡದ್ದು.

ಆಕೆ ಮಂಚದ ಪಕ್ಕ ಮಂಡಿಯೂರಿ ಕೂತಳು. ಮೊದಲು ಆ ಹಳೆಯ ಗಾಯದ ಕೈಯನ್ನು ನಾಯಿಯ ಮುಂದೆ ಇಟ್ಟಳು. ನಾಯಿ ಮೂಸಿತು. ಆಮೇಲೆ ಅಜ್ಜಿಯ ರೆಪ್ಪೆ ಕೆಳಗೆಳೆದು ಹನಿ ಬಿಟ್ಟಳು. ಅಜ್ಜಿಯ ಕಾಲ್ಬೆರಳು ಮುದುಡಿದವು. ನಾಯಿ ಎದ್ದು, ಮುಂಗಾಲನ್ನು ಮಂಚದ ಅಂಚಿಗೆ ಇಟ್ಟು, ಅಜ್ಜಿಯ ಮುಖವನ್ನು ನೋಡಿತು. ಸೊಸೆಯ ಮುಖ ನಾಯಿಯ ಮೂತಿಯಿಂದ ಒಂದು ಗೇಣು ದೂರದಲ್ಲಿತ್ತು. ಆಕೆ ಅಲ್ಲಾಡಲಿಲ್ಲ. ನಾಯಿ ಕಾಲು ಕೆಳಗಿಳಿಸಿ ಮಲಗಿತು. ಆಕೆಯೇ ಅದಕ್ಕೆ ಮುದ್ದೆಯ ಚೂರು ಕೊಟ್ಟಳು.

"ಆಯ್ತು ಕಣಣ್ಣ," ಎಂದಳು, ಕುರಿಗಾರನ ಕಡೆ ತಿರುಗದೆಯೇ. "ಇಲ್ಲೇ ಇರ್ಲಿ."

ಕುರಿಗಾರ ಎದ್ದು ಕಂಬಳಿ ಕೊಡವಿದ. "ಇಂಥ ಮುದ್ದೆ ತಿಂದ ನಾಯಿ ನನ್ ತಾವ ಬಂದು ಚಿರತೆ ಮುಂದೆ ನಿಂತ್ಕೊಳ್ಳುತ್ತಾ?" ಎಂದು ಗೊಣಗಿದ. ಮಗನಿಗೆ, "ನಾಳೆ ಬೆಳಿಗ್ಗೆ ಎದ್ದೋಯ್ತೀವಿ ಕಣ್ಲಾ, ಬೇಜಾರು ಮಾಡ್ಕೋಬೇಡ," ಎಂದು ಹೇಳಿ ಹೊರಟ. ಮಗ ಬೇಲಿಯವರೆಗೆ ಅವನ ಜೊತೆ ಹೋಗಿ ಬಂದ. ಮುಖ ಗಂಟಾಗಿಯೇ ಇತ್ತು. ಬಂದವನು ನಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಹಗ್ಗದ ಗಂಟು ಬಿಚ್ಚತೊಡಗಿದ. ಬೆಳಿಗ್ಗೆ ಬಿಗಿಯಾಗಿ ಹಾಕಿದ್ದರಿಂದ ಉಗುರಿಗೆ ಬರಲಿಲ್ಲ. ಸೊಸೆ ಕುಡುಗೋಲು ತಂದುಕೊಟ್ಟಳು. ಅಜ್ಜಿ, "ಹೊಸಾ ಹಗ್ಗ ಕಣೋ, ಕತ್ತರಿಸ್ಬೇಡ," ಎಂದರೂ ಕೇಳದೆ ಕತ್ತರಿಸಿದ.

ಸೀಸೆಯ ಮುಚ್ಚಳ ಸರಿಯಾಗಿ ಬಿಗಿದಿದೆಯೇ ಎಂದು ನೋಡಿದೆ. ಹನಿಯ ಹೊತ್ತು ಬರೆದಿದ್ದ ಆಸ್ಪತ್ರೆಯ ಚೀಟಿಯಲ್ಲಿ ಸಂಜೆ ಆರರ ಚೌಕದಲ್ಲಿ ಸೊಸೆಯಿಂದ ಗುರುತು ಹಾಕಿಸಿದೆ. ನಾಳೆ ಬೆಳಿಗ್ಗೆ ಆರಕ್ಕೆ ಯಾರು ಹಾಕುತ್ತಾರೆ ಎಂದು ಕೇಳಿದಾಗ ಮಗ, "ನಾನು ಹಾಕ್ತೀನಿ, ತೋರ್ಸಿ," ಎಂದ. ಎದುರಿನಿಂದ ಹೇಗೆ ಬರಬೇಕು, ಎಲ್ಲಿ ಕೂರಬೇಕು, ಮುಚ್ಚಿದ ಸೀಸೆಯಲ್ಲೇ ಎರಡು ಸಲ ಮಾಡಿ ತೋರಿಸಿದೆ. ಅವನು ಎರಡು ಸಲ ಮಾಡಿದ. ಎರಡನೆಯ ಸಲ ಸರಿಯಾಗಿತ್ತು.